ವರ್ಡ್‌ಪ್ರೆಸ್ ಮಲ್ಟಿಸೈಟ್: ಅಡ್ಮಿನ್ ಒಂದೇ, ಸೈಟಿಗೊಂದು ರೂಪ

ತೀರ್ಥಹಳ್ಳಿಯಲ್ಲಿ ಕೂತು ಸುತ್ತಮುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಆಗುಂಬೆ ಕಡೆಯ ಒಂದು ಹೋಂಸ್ಟೇ, ಶಿವಮೊಗ್ಗದ ಒಂದು ಅಡಿಕೆ ಮಂಡಿ, ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವವರು, ಹೀಗೆ. ವರ್ಷಗಳಿಂದ ಇವೆಲ್ಲ ಒಂದೇ ವರ್ಡ್‌ಪ್ರೆಸ್ ಮಲ್ಟಿಸೈಟ್ ಮೇಲೆ ನಡೆಯುತ್ತಿವೆ. ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್; ಅದನ್ನು ಒಂದೇ ಸಲ ಹಾಕಿ ಹಲವು ಸೈಟು ನಡೆಸುವ ವ್ಯವಸ್ಥೆಯೇ ಮಲ್ಟಿಸೈಟ್. ನೋಡಿದವರಿಗೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಅಂತ ಗೊತ್ತೇ ಆಗುವುದಿಲ್ಲ. ನಾನು ಇದನ್ನು ಬಿಡದೆ ಇರುವುದೂ ಅದಕ್ಕೇ.

ಮಲ್ಟಿಸೈಟ್ ಹೊಸದೇನಲ್ಲ. 2010ರಲ್ಲಿ ವರ್ಡ್‌ಪ್ರೆಸ್ 3.0 ಜೊತೆಗೇ ಬಂತು. ದುಡ್ಡು ಕೊಡಬೇಕಿಲ್ಲ. 2016ರ 4.5ರಿಂದ ಪ್ರತಿ ಸೈಟಿಗೂ ಅದರದ್ದೇ ಡೊಮೇನ್ ಹೆಸರು ಕೊಡಲು ಬೇರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ಸಾಫ್ಟ್‌ವೇರ್) ಕೂಡ ಬೇಡ. ಕೋಡ್ ಒಂದೇ, ಡೇಟಾಬೇಸ್ ಒಂದೇ, ಬಳಕೆದಾರರ ಪಟ್ಟಿಯೂ ಒಂದೇ. ಆದರೆ ಪುಟ, ಫೋಟೋ, ಸೆಟ್ಟಿಂಗ್ ಎಲ್ಲ ಸೈಟಿಗೊಂದರಂತೆ ಬೇರೆ. ಯಾವ ಥೀಮ್ (ಸೈಟಿನ ರೂಪ ನಿರ್ಧರಿಸುವ ಫೈಲುಗಳು), ಯಾವ ಬಣ್ಣ ಅನ್ನುವುದು ಆ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಹಾಗಾಗಿ ಒಂದೇ ಥೀಮನ್ನು ಎರಡು ಸೈಟಿಗೆ ಹಾಕಿದರೂ ಒಂದರ ಬಣ್ಣ ಬದಲಾಯಿಸಿದರೆ ಇನ್ನೊಂದಕ್ಕೆ ತಾಗುವುದಿಲ್ಲ.

ನಾನು ಒಂದು ಪೇರೆಂಟ್ ಥೀಮ್ ಇಟ್ಟುಕೊಂಡು, ಪ್ರತಿ ಸೈಟಿಗೂ ಒಂದು ಚೈಲ್ಡ್ ಥೀಮ್ ಮಾಡಿದ್ದೇನೆ. ಎಲ್ಲರಿಗೂ ಬೇಕಾದದ್ದು ಪೇರೆಂಟ್‌ನಲ್ಲಿ. ಚೈಲ್ಡ್ ಅದನ್ನೇ ಬಳಸಿಕೊಂಡು, ಆ ಸೈಟಿಗೆ ಬೇಕಾದ್ದನ್ನು ಮಾತ್ರ ಬದಲಾಯಿಸುತ್ತದೆ. ಕನ್ನಡ ಅಕ್ಷರದ ವಿಷಯವನ್ನೇ ನೋಡಿ. ಸಿಗುವ ಥೀಮ್‌ಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ನೋಡಿಕೊಂಡು ಮಾಡಿದವು. ದೊಡ್ಡ ಹೆಡಿಂಗ್‌ನಲ್ಲಿ ಸಾಲುಗಳ ನಡುವೆ ಜಾಗ ತುಂಬಾ ಕಮ್ಮಿ. ‘ತೀರ್ಥಹಳ್ಳಿ’ ಅಂತ ಬರೆದು ಹೆಡಿಂಗ್ ಎರಡು ಸಾಲಾದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ, ಅಕ್ಷರಗಳ ನಡುವೆ ಕೊಟ್ಟಿದ್ದ ಹೆಚ್ಚುವರಿ ಜಾಗ ತೆಗೆದೆ. ಒಂದೇ ಕಡೆ ಮಾಡಿದ್ದು, ಎಲ್ಲ ಸೈಟಲ್ಲೂ ಕನ್ನಡ ಓದುವ ಹಾಗಾಯಿತು.

ಉಳಿದದ್ದು ಅವರವರಿಗೆ ಬೇಕಾದ ಹಾಗೆ. ಹೋಂಸ್ಟೇಗೆ ಅಗಲವಾದ ಫೋಟೋ, ಮಳೆಗಾಲದ ಹಸಿರು, ‘ಬಾಲೂ ತಮ್ಮ’ ಅನ್ನುವ ಕನ್ನಡ ಫಾಂಟು. ಮಂಡಿಯ ಸೈಟಿಗೆ ಇದ್ಯಾವುದೂ ಬೇಡ. ಅಲ್ಲಿಗೆ ಬರುವವರಿಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆ ಬಗೆಗಳಲ್ಲಿ ಇವತ್ತು ಯಾವುದಕ್ಕೆ ಎಷ್ಟು ಅಂತ ಕಂಡರೆ ಸಾಕು. ತೋಟದಲ್ಲಿ ನಿಂತು, ಸಿಗ್ನಲ್ ಇದ್ದೂ ಇಲ್ಲದ ಹಾಗಿರುವ ಫೋನಲ್ಲಿ ನೋಡುತ್ತಾರೆ. ಅದಕ್ಕೇ ಆ ಚೈಲ್ಡ್ ಥೀಮ್‌ನಲ್ಲಿ ಮೇಲೆ ರೇಟಿನ ಟೇಬಲ್, ಕೆಳಗೆ ಫೋನ್ ನಂಬರ್, ಫೋಟೋ ಒಂದೂ ಇಲ್ಲ. ಹಿಂದೆ ನಡೆಯುವ ಕೆಲಸ ಒಂದೇ ಆದರೂ ಎದುರಿಗೆ ಬರುವ ಜನ ಒಂದೇ ಅಲ್ಲವಲ್ಲ.

ಕಿರಿಕಿರಿಗಳೂ ಇವೆ. ಅಪ್‌ಲೋಡ್ ಮಿತಿ ಮೊದಲಿಂದಲೇ 1500 ಕೆಬಿ ಅಂತ ಇರುತ್ತದೆ. ಹೋಂಸ್ಟೇಯವರು ಫೋನಲ್ಲಿ ತೆಗೆದ ಫೋಟೋ ಹಾಕಲು ಹೋದರೆ ಎರರ್ ಬರುತ್ತಿತ್ತು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮಿತಿ ಜಾಸ್ತಿ ಮಾಡಿದರೆ ಸರಿಹೋಗುತ್ತದೆ. ಗೂಗಲ್ ಮ್ಯಾಪಿನ ಕೋಡ್ ಅವರು ಹಾಕಿ ಸೇವ್ ಮಾಡಿದರೆ ಮಾಯ, ಸೂಪರ್ ಅಡ್ಮಿನ್ (ಎಲ್ಲ ಸೈಟುಗಳ ಮೇಲೂ ಅಧಿಕಾರ ಇರುವವರು) ಆಗಿ ನಾನು ಹಾಕಿದರೆ ಮಾತ್ರ ಉಳಿಯುತ್ತದೆ. ಮಲ್ಟಿಸೈಟಲ್ಲಿ ಸೈಟ್ ಅಡ್ಮಿನ್‌ಗೆ ಅಂಥ ಕೋಡ್ ಹಾಕುವ ಅಧಿಕಾರವೇ ಇಲ್ಲ. ಸಿಎಸ್ಎಸ್ (ಪುಟದ ಬಣ್ಣ, ಅಂದ ಬದಲಾಯಿಸುವ ಕೋಡ್) ಸೇರಿಸಲೂ ಆಗುವುದಿಲ್ಲ. ಶುರುವಿನಲ್ಲಿ ಅವರಿಗೆ ಇದು ಬೇಜಾರು. ನನಗೆ ಕೇಳಿದರೆ ಇದು ಒಳ್ಳೆಯದೇ. ಯಾರೋ ಒಬ್ಬರು ಎಲ್ಲಿಂದಲೋ ತಂದ ಕೋಡ್ ಹಾಕಿದರೆ ಉಳಿದವರಿಗೂ ಅಪಾಯ ಅಲ್ವಾ?

ನಿಜವಾದ ತಲೆನೋವು ಬ್ಯಾಕಪ್. ಹೋಂಸ್ಟೇಯ ಒಂದು ಪುಟ ಅಳಿಸಿಹೋದಾಗ ನಮ್ಮ ಹಿಂದಿನ ಹೋಸ್ಟಿಂಗ್ ಕಂಪನಿಯವರು ಇಡೀ ಡೇಟಾಬೇಸನ್ನೇ ಹಳೆಯದಕ್ಕೆ ತಿರುಗಿಸಿಬಿಟ್ಟರು. ಹೋಂಸ್ಟೇ ಪುಟ ಬಂತು, ಮಂಡಿಯವರು ಆಮೇಲೆ ಹಾಕಿದ್ದ ರೇಟುಗಳೆಲ್ಲ ಹೋದವು. ಈಗ ಡೇಟಾಬೇಸಿನಲ್ಲಿ ಪ್ರತಿ ಸೈಟಿನ ಮಾಹಿತಿ ಇರುವ ಟೇಬಲ್‌ಗಳನ್ನು ಬೇರೆ ಬೇರೆಯಾಗಿ ಬ್ಯಾಕಪ್ ತೆಗೆಯುತ್ತೇನೆ. ಎರಡನೇ ಸೈಟಿನಿಂದ ಮುಂದಕ್ಕೆ ಟೇಬಲ್ ಹೆಸರಲ್ಲೇ ಸೈಟಿನ ನಂಬರ್ ಇರುವುದರಿಂದ ಹುಡುಕುವುದು ಕಷ್ಟವಿಲ್ಲ. ಪ್ಲಗಿನ್ ಅಪ್‌ಡೇಟ್ ಕೂಡ ಹಾಗೇ, ಒಂದು ಕೆಟ್ಟರೆ ಅದನ್ನು ಬಳಸುವ ಸೈಟುಗಳೆಲ್ಲ ಒಟ್ಟಿಗೆ ಮಲಗುತ್ತವೆ. ಮೊದಲು ಟ್ರಯಲ್ ಕಾಪಿಯಲ್ಲಿ ನೋಡಿಯೇ ಇಲ್ಲಿ ಹಾಕಬೇಕು.

ಮಾಹಿತಿ ತೋರಿಸುವ ಸಣ್ಣ ಸೈಟುಗಳು ನಾಲ್ಕಾರು ಇದ್ದು, ನೋಡಿಕೊಳ್ಳುವವರು ಒಬ್ಬರೇ ಇದ್ದರೆ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ. ಅಂಗಡಿ ದೊಡ್ಡದಾದರೆ ಮಾತು ಬೇರೆ. ಉಪ್ಪಿನಕಾಯಿಯವರಿಗೆ ಈಗ ಮಿಡಿ ಸೀಸನ್ನಿನಲ್ಲಿ ಆರ್ಡರ್ ಜಾಸ್ತಿ. ಅವರ ಸೈಟನ್ನು ಬೇರೆ ಮಾಡುತ್ತಿದ್ದೇನೆ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಪುಟಗಳನ್ನು ಕೊಡುತ್ತದೆ, ಥೀಮ್ ಮತ್ತು ಪ್ಲಗಿನ್ ಸೆಟ್ಟಿಂಗ್ ಕೊಡುವುದಿಲ್ಲ. ಅದಕ್ಕೆ ಟೇಬಲ್‌ಗಳನ್ನೇ ಎತ್ತಿಕೊಂಡು ಹೋಗುವುದು ವಾಸಿ. ಚೈಲ್ಡ್ ಥೀಮ್ ಅವರದ್ದೇ ಫೋಲ್ಡರ್‌ನಲ್ಲಿ ಇರುವುದರಿಂದ, ಪೇರೆಂಟ್ ಜೊತೆ ಅದನ್ನೂ ಕಾಪಿ ಮಾಡಿದರೆ ಸೈಟಿನ ರೂಪ ಏನೂ ಬದಲಾಗುವುದಿಲ್ಲ.