ಕೊಕ್ಕರೆ ಬೆಳ್ಳೂರು: ಊರಿಗೆ ಪೂರ್ಣ ಅಂಕ, ಸುತ್ತಲ ಕೆರೆಗಳಿಗೆ ಅರ್ಧ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಪಕ್ಷಿಧಾಮವೆಂದು ತಿಳಿದು ಹೋಗುವವರಲ್ಲಿ ಕೆಲವರಿಗೆ ಮೊದಲ ಹತ್ತು ನಿಮಿಷ ನಿರಾಸೆಯಾಗುವುದುಂಟು. ರಂಗನತಿಟ್ಟಿನಂತೆ ಇಲ್ಲಿ ದೋಣಿ ವಿಹಾರವಿಲ್ಲ, ಹಕ್ಕಿಗಳನ್ನೂ ಜನರನ್ನೂ ಬೇರ್ಪಡಿಸುವ ಬೇಲಿಯೂ ಇಲ್ಲ. ಹೆಂಚಿನ ಮನೆಗಳು, ದನದ ಕೊಟ್ಟಿಗೆಗಳು, ತಿಪ್ಪೆಗಳು, ಬೀದಿಯಲ್ಲಿ ಹರಡಿದ ರಾಗಿ ಹುಲ್ಲು, ಇವುಗಳ ನಡುವೆಯೇ ಹಿತ್ತಲಿನ ಹುಣಸೆ ಮರಗಳ ತುದಿಯಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಸಂಸಾರ ಹೂಡಿರುತ್ತವೆ. ಪ್ರವಾಸಿ ತಾಣವನ್ನು ವಿಮರ್ಶಿಸುವಾಗ ಬಂದವರಿಗೆ ಏನು ಸೌಕರ್ಯ ಸಿಕ್ಕಿತೆಂದು ಕೇಳುವುದು ರೂಢಿ. ಈ ಊರಿನ ಮಟ್ಟಿಗೆ ಆ ಪ್ರಶ್ನೆಯನ್ನು ಎರಡನೆಯ ಸ್ಥಾನಕ್ಕೆ ತಳ್ಳಿ, ಹಕ್ಕಿಗೆ ಏನು ಸಿಕ್ಕಿತೆಂಬುದನ್ನೇ ಮೊದಲು ಕೇಳುವುದು ಸರಿಯೆಂದು ನನಗೆ ತೋರುತ್ತದೆ. ಈ ಬರಹದ ಅಂಕಗಳೆಲ್ಲವೂ ಆ ಲೆಕ್ಕದವು.

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮೊದಲು ಸಿಗುವ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಹನ್ನೆರಡು ಕಿ.ಮೀ. ಒಳಗೆ ಹೋಗಬೇಕು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಓಡುವವರಿಗೆ ಈ ತಿರುವು ಕೈತಪ್ಪುವ ಸಂಭವ ಹೆಚ್ಚಾದ್ದರಿಂದ, ಚನ್ನಪಟ್ಟಣದ ನಂತರ ಹಳೆಯ ರಸ್ತೆಯನ್ನೋ ಸರ್ವಿಸ್ ರಸ್ತೆಯನ್ನೋ ಹಿಡಿಯುವುದು ಒಳ್ಳೆಯದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಯಾವಾಗ ಹೋದರೂ ಹಕ್ಕಿಗಳಿರುತ್ತವೆ. ಗೂಡಿನಲ್ಲಿ ಮರಿಗಳು ಬೆಳೆದು ಗಲಾಟೆ ಮಾಡುವುದನ್ನು ನೋಡಬೇಕೆಂದರೆ ಫೆಬ್ರವರಿ, ಮಾರ್ಚ್ ತಿಂಗಳು ವಾಸಿ. ಮಳೆಗಾಲದಲ್ಲಿ ಹೋದರೆ ಬರಿಯ ಮರಗಳನ್ನು ನೋಡಿಕೊಂಡು ಬರಬೇಕಾದೀತು.

ಇಷ್ಟು ಹತ್ತಿರದಿಂದ ಹೆಜ್ಜಾರ್ಲೆಯ ಗೃಹಕೃತ್ಯವನ್ನು ನೋಡಲು ಸಿಗುವ ಜಾಗಗಳು ವಿರಳ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ರೆಕ್ಕೆ ಬಿಚ್ಚಿದರೆ ಎಂಟು ಅಡಿಯ ಆಸುಪಾಸಿಗೆ ಬರುವ ಹಕ್ಕಿಯೊಂದು ಮನೆಯ ಸೂರಿಗಿಂತ ಸ್ವಲ್ಪವೇ ಮೇಲೆ ತೇಲಿ ಬಂದು, ತೆಳ್ಳನೆಯ ಕೊಂಬೆಯ ಮೇಲೆ ತೂಕ ತಪ್ಪದೆ ಇಳಿಯುವುದನ್ನು ನೋಡುವಾಗ ಆ ಕೊಂಬೆ ಹೇಗೆ ತಾಳಿಕೊಂಡಿತೆಂಬುದೇ ಆಶ್ಚರ್ಯ. ತಾಯಿ ಕೊಕ್ಕನ್ನು ತಗ್ಗಿಸಿದ ಕೂಡಲೇ ಮರಿ ತನ್ನ ತಲೆಯನ್ನು, ಕತ್ತಿನವರೆಗೂ, ಅದರ ಗಂಟಲ ಚೀಲದೊಳಗೆ ತೂರಿಸಿ ಅರೆ ಜೀರ್ಣವಾದ ಮೀನನ್ನು ಕಸಿದು ತಿನ್ನುತ್ತದೆ. ಹೊರಗೆ ಉಳಿಯುವುದು ಪಟಪಟನೆ ಬಡಿಯುವ ಎರಡು ಮೋಟು ರೆಕ್ಕೆಗಳು ಮಾತ್ರ. ದೊಡ್ಡ ಹಕ್ಕಿಗಳು ಹೆಚ್ಚುಕಡಿಮೆ ಮೌನಿಗಳು, ಗದ್ದಲವೆಲ್ಲ ಮರಿಗಳದ್ದೇ. ಬಣ್ಣದ ಕೊಕ್ಕರೆಯಂತೂ ದನಿ ತೆಗೆಯುವ ಬದಲು ಕೊಕ್ಕಿನ ಎರಡು ಭಾಗಗಳನ್ನು ಕಟಕಟನೆ ಬಡಿದು ತನ್ನ ಜೋಡಿಯನ್ನು ಎದುರುಗೊಳ್ಳುತ್ತದೆ. ಮರದ ಕೆಳಗಿನ ಎಲೆ, ಗೋಡೆ, ಹೆಂಚು ಎಲ್ಲವೂ ಸುಣ್ಣ ಬಳಿದಷ್ಟು ಬಿಳುಪು. ಬಿಸಿಲೇರಿದ ಮೇಲೆ ಮೀನಿನ ಮತ್ತು ಹಿಕ್ಕೆಯ ವಾಸನೆ ಮೂಗಿಗೆ ಅಡರುತ್ತದೆ. ಕ್ಯಾಮೆರಾ ಹಿಡಿದು ಮರದ ಬುಡಕ್ಕೇ ನಡೆದವರನ್ನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು, "ಅಲ್ ನಿಂತ್ಕಬ್ಯಾಡಿ ಕಣಪ್ಪ, ಮ್ಯಾಲಿಂದ ಬೀಳ್ತದೆ," ಎಂದು ಎಚ್ಚರಿಸಿದರು. ಬೀಳುವುದು ಹಿಕ್ಕೆ ಮಾತ್ರವಲ್ಲ, ಕೆಲವೊಮ್ಮೆ ಅರ್ಧ ಅಡಿ ಉದ್ದದ ಮೀನೂ ಹೌದು.

ಈ ಸಹವಾಸ ನಿನ್ನೆ ಮೊನ್ನೆಯದಲ್ಲ. ಮೊದಲು ಶಿಂಷಾ ನದಿಯ ದಂಡೆಯಲ್ಲಿದ್ದ ಊರು 1916ರ ಸುಮಾರಿಗೆ ಪ್ಲೇಗಿನ ಕಾರಣ ಈಗಿರುವ ಜಾಗಕ್ಕೆ ಬಂತೆಂದೂ, ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದೂ ಊರಿನವರು ಹೇಳುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಇಲ್ಲಿನ ಹೆಜ್ಜಾರ್ಲೆಗಳ ವಸಾಹತನ್ನು ಹೊರಗಿನ ಜಗತ್ತಿನ ಗಮನಕ್ಕೆ ತಂದರು. ಆದರೆ ಅವರು ಬರುವುದಕ್ಕೆ ಎಷ್ಟೋ ಮೊದಲೇ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ, ಕಲ್ಲು ಹೊಡೆಯದಂತೆ, ಮರ ಅಲುಗಿಸದಂತೆ ಮಕ್ಕಳಿಗೆ ತಾಕೀತು ಮಾಡಿಕೊಂಡು ಬಂದಿದ್ದರು. ಹಾಗೆಂದು ಇದನ್ನು ಬರಿಯ ಭಾವುಕತೆ ಎಂದುಕೊಳ್ಳಬಾರದು. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ಮಣ್ಣು ತುಂಬಿ, ಅದರ ಮೇಲೆ ಬೀಳುವ ಹಿಕ್ಕೆಯೊಂದಿಗೆ ಕಲಸಿ ಹೊಲಕ್ಕೆ ಹೊಡೆಯುವ ಗೊಬ್ಬರದ ಬೆಲೆ ರೈತನಿಗೆ ಚೆನ್ನಾಗಿ ಗೊತ್ತಿತ್ತು. ಪ್ರೀತಿಯೂ ಲಾಭವೂ ಒಂದೇ ಮರದಡಿ ಸೇರಿದ್ದರಿಂದಲೇ ಈ ವ್ಯವಸ್ಥೆ ಇಷ್ಟು ಕಾಲ ಬಾಳಿತೆಂಬುದು ನನ್ನ ಅಂದಾಜು.

ರಾಸಾಯನಿಕ ಗೊಬ್ಬರ ಅಂಗಡಿಯಲ್ಲೇ ಸಿಗತೊಡಗಿದಾಗ ಈ ಸಮತೋಲ ತಪ್ಪಿತು. ಹುಣಸೆ ಹಣ್ಣಿನ ಕೊಯ್ಲು ಮತ್ತು ಹಕ್ಕಿಯ ಸಂತಾನ ಎರಡೂ ಬೇಸಿಗೆಯ ಮೊದಲ ತಿಂಗಳುಗಳಲ್ಲೇ ಬರುತ್ತವೆ. ಗೂಡಿರುವ ಮರವನ್ನು ಬಡಿಯುವಂತಿಲ್ಲ, ಬಡಿಯದಿದ್ದರೆ ಆ ವರ್ಷದ ಫಸಲು ಕೈಬಿಟ್ಟಂತೆಯೇ. ಮರ ಕಡಿದು ಮಾರುವುದೇ ಲಾಭವೆಂದು ಕೆಲವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅರಣ್ಯ ಇಲಾಖೆ ಗೂಡಿರುವ ಮರಗಳ ಒಡೆಯರಿಗೆ ಮರವೊಂದಕ್ಕೆ ಇಂತಿಷ್ಟೆಂದು ಪರಿಹಾರ ಕೊಡುವ ಪದ್ಧತಿಯನ್ನು ತಂದದ್ದು ಈ ಕಾರಣಕ್ಕೆ. ಆ ಮೊತ್ತ ಹುಣಸೆಯ ಪೇಟೆ ಧಾರಣೆಯ ಜೊತೆಗೆ ಏರುವುದಿಲ್ಲವೆಂಬ ದೂರು ಹಳೆಯದು, ಮತ್ತು ನ್ಯಾಯವಾದದ್ದು.

1994ರಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಮತ್ತು ಅವರ ಸಂಗಡಿಗರು ಇಲ್ಲಿ ಕೆಲಸ ಶುರು ಮಾಡಿದಾಗ, ಹೊರಗಿನಿಂದ ಕಾವಲುಗಾರರನ್ನು ತಂದು ನಿಲ್ಲಿಸುವ ಬದಲು ಊರಿನ ಯುವಕರನ್ನೇ ಸೇರಿಸಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಬಳಗದ ಕೆಲಸ ಕೇಳಲು ಸರಳ, ಮಾಡಲು ಕಷ್ಟ. ಹೆಜ್ಜಾರ್ಲೆಯ ಮರಿ ಮೂರರಿಂದ ಐದು ತಿಂಗಳು ಗೂಡನ್ನೇ ಆಶ್ರಯಿಸಿರುತ್ತದೆ. ಗಾಳಿ ಬಂದಾಗಲೋ ಒಡಹುಟ್ಟಿದವುಗಳ ನೂಕುನುಗ್ಗಲಿನಲ್ಲೋ ಕೆಳಗೆ ಬಿದ್ದರೆ ತಾಯಿ ಅದನ್ನು ಹುಡುಕಿಕೊಂಡು ನೆಲಕ್ಕೆ ಇಳಿಯುವುದಿಲ್ಲ. ಹಾಗೆ ಬಿದ್ದದ್ದು ಹಿಂದೆಲ್ಲ ನಾಯಿಯ ಪಾಲಾಗುತ್ತಿತ್ತು. ಬಳಗದವರು ಮರದಡಿ ಬಲೆ ಕಟ್ಟಿದರು, ಬಿದ್ದ ಮರಿಗಳಿಗೆ ಆವರಣ ಮಾಡಿದರು, ಮೀನು ಹಾಕಿ ಸಾಕಿ ಹಾರುವಷ್ಟು ಬಲಿತ ಮೇಲೆ ಬಿಟ್ಟರು. ದೊಡ್ಡದಾದ ಮರಿಯೊಂದರ ದಿನದ ಮೀನಿನ ಖರ್ಚನ್ನು ಒಂದು ಸಾಧಾರಣ ಸಂಸಾರ ಭರಿಸುವುದು ಕಷ್ಟವಾದ್ದರಿಂದ ಇದು ಹವ್ಯಾಸಕ್ಕೆ ಮಾಡುವ ಕೆಲಸವಲ್ಲ. 2007ರಲ್ಲಿ ಸರ್ಕಾರ ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯಿಂದ ದೊರೆತ ಈ ಹೊಸ ವರ್ಗದಲ್ಲಿ ಜಮೀನು, ಮರ, ಮನೆ ಎಲ್ಲವೂ ಜನರದ್ದಾಗಿಯೇ ಉಳಿಯುತ್ತವೆ. ಊರನ್ನು ಖಾಲಿ ಮಾಡಿಸದೆ ಹಕ್ಕಿಯನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಚೌಕಟ್ಟು ನಮ್ಮ ಕಾನೂನಿನಲ್ಲಿ ನನಗೆ ಕಂಡಿಲ್ಲ. ಊರಿಗೆ ಪೂರ್ಣ ಅಂಕ ಕೊಟ್ಟದ್ದು ಇದಕ್ಕಾಗಿ.

ಇನ್ನು ಅರ್ಧ ಅಂಕದ ವಿಷಯ. ಕೊಕ್ಕರೆ ಬೆಳ್ಳೂರಿನಲ್ಲಿರುವುದು ಹೆರಿಗೆ ಮನೆ ಮಾತ್ರ. ಅಡುಗೆ ಮನೆ ಬೇರೆ ಕಡೆಗಿದೆ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೆರೆಯೊಳಗೇ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದರಿಂದ ಕೆರೆಯನ್ನು ಕಾಪಾಡಿದರೆ ಗೂಡನ್ನೂ ಕಾಪಾಡಿದಂತಾಗುತ್ತದೆ, ಮತ್ತು 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳೊಂದಿಗೆ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಲ್ಲಿ ಹಾಗಲ್ಲ. ಹಕ್ಕಿಗಳು ಮೀನಿಗಾಗಿ ಶಿಂಷಾ ನದಿಗೆ, ತೈಲೂರು ಕೆರೆಗೆ, ಸೂಳೆಕೆರೆಗೆ, ಇನ್ನೂ ದೂರದ ನೀರುಗಳಿಗೆ ದಿನವೂ ಹಾರಿ ಹೋಗಿ ಬರಬೇಕು. ಊರಿನ ಮೀಸಲು ಪ್ರದೇಶದ ಕಟ್ಟುಪಾಡು ಆ ಕೆರೆಗಳವರೆಗೆ ಕೈಚಾಚುವುದಿಲ್ಲ. ಅಲ್ಲಿ ಒಳಹರಿವಿಗೆ ಚರಂಡಿಯ ನೀರು ಸೇರಿದರೆ, ಬೇಸಿಗೆಯಲ್ಲಿ ನೀರು ಬತ್ತಿದರೆ, ಮೀನು ಹಿಡಿಯುವ ಗುತ್ತಿಗೆಯಲ್ಲಿ ಮರಿ ಮೀನುಗಳೂ ಉಳಿಯದಂತೆ ಬಲೆ ಎಳೆದರೆ, ಇಲ್ಲಿನ ಹುಣಸೆ ಮರದ ಮೇಲಿನ ಮರಿ ಹಸಿದುಕೊಂಡಿರುತ್ತದೆ. 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ, ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆಯೊಳಗಿನ ದುಂಡುಹುಳುಗಳು. ಇಂಥ ಹುಳು ಹಕ್ಕಿಯ ಹೊಟ್ಟೆಗೆ ಸೇರುವುದು ಮೀನಿನ ಮೂಲಕ. ಮರದಡಿ ಬಲೆ ಕಟ್ಟಿದ್ದರಿಂದ ತಪ್ಪಿಸಬಹುದಾದ ಸಾವುಗಳಲ್ಲ ಅವು.

ಕೆರೆ ಅಭಿವೃದ್ಧಿಯ ಕೆಲಸ ನಡೆಯುತ್ತಿಲ್ಲವೆಂದಲ್ಲ, ಅದರ ರೀತಿಯ ಬಗ್ಗೆ ನನ್ನ ತಕರಾರು. ನೀರು ಎಷ್ಟು ನಿಲ್ಲುತ್ತದೆಂಬ ಒಂದೇ ಲೆಕ್ಕ ಹಿಡಿದು ಜೆಸಿಬಿ ಇಳಿಸಿ, ಅಂಗಳವನ್ನೆಲ್ಲ ಒಂದೇ ಆಳಕ್ಕೆ ಬಗೆದು, ದಡವನ್ನು ಕಡಿದಾಗಿ ನಿಲ್ಲಿಸಿ, ಕಲ್ಲು ಹೊದಿಸಿದರೆ ಬಣ್ಣದ ಕೊಕ್ಕರೆಗೆ ಆ ಕೆರೆ ಇದ್ದೂ ಇಲ್ಲದಂತೆ. ಅದು ಕಣ್ಣಿಂದ ನೋಡಿ ಬೇಟೆಯಾಡುವ ಹಕ್ಕಿಯಲ್ಲ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಡೆಯುತ್ತ, ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದ ಕ್ಷಣಕ್ಕೆ ಥಟ್ಟನೆ ಮುಚ್ಚುತ್ತದೆ. ಹೆಜ್ಜಾರ್ಲೆಗೆ ಬೇಕಾದದ್ದು ಈಜಾಡಲು ಆಗುವಷ್ಟು ತೆರೆದ ನೀರು. ಎರಡಕ್ಕೂ ಒಂದೇ ಕೆರೆ ಆಗಿಬರಬೇಕಾದರೆ ಏರಿಯ ಕಡೆಗೆ ಆಳ, ಹಿನ್ನೀರಿನ ಅಂಚಿಗೆ ಇಳಿಜಾರು, ಅಲ್ಲಲ್ಲಿ ಜೊಂಡು, ನಡುವೆ ಒಂದೆರಡು ದಿಬ್ಬ, ಹೀಗೆ ಏರುಪೇರಾದ ಅಂಗಳವೇ ಬೇಕು. ಊರಿನ ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ತಮಗೆ ಬೇಕಾದಲ್ಲಿ ಗೋಡು ಮಣ್ಣು ಹೊಡೆಯುತ್ತಿದ್ದ ಕಾಲದಲ್ಲಿ ಕೆರೆಗೆ ಇಂಥ ಅಂಗಳ ತನ್ನಷ್ಟಕ್ಕೆ ದಕ್ಕುತ್ತಿತ್ತು. ಹೆಜ್ಜಾರ್ಲೆ ಬಳಗದಂಥದ್ದೇ ಒಂದು ಗುಂಪು ಪ್ರತಿ ಮೇವಿನ ಕೆರೆಯ ಊರಿನಲ್ಲೂ ಹುಟ್ಟಿ, ಹೂಳೆತ್ತುವ ನಕ್ಷೆ ತಯಾರಾಗುವಾಗ ಮತ್ತು ಮೀನಿನ ಗುತ್ತಿಗೆಯ ಷರತ್ತು ಬರೆಯುವಾಗ ಮಾತಾಡುವ ಹಕ್ಕು ಪಡೆದರೆ ಮಾತ್ರ ಈ ವ್ಯವಸ್ಥೆ ಪೂರ್ತಿಯಾಗುತ್ತದೆ. ವೀಕ್ಷಣಾ ಗೋಪುರಕ್ಕೂ ಕಮಾನಿಗೂ ಸುರಿಯುವ ಹಣವನ್ನು ಆ ಕಡೆಗೆ ತಿರುಗಿಸುವುದು ಮೇಲು.

ಸೌಕರ್ಯದ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಹೋಟೆಲು, ವಸತಿಯನ್ನು ನೆಚ್ಚಿಕೊಂಡು ಹೋಗುವ ಊರಲ್ಲ ಇದು. ಮದ್ದೂರಿನಲ್ಲಿ ತಿಂಡಿ ಮುಗಿಸಿಕೊಂಡು, ನೀರು ಕಟ್ಟಿಕೊಂಡು ಹೋಗಬೇಕು. ಛತ್ರಿಯೋ ಅಗಲವಾದ ಟೋಪಿಯೋ ಅಲಂಕಾರಕ್ಕಲ್ಲ, ಅಗತ್ಯಕ್ಕೇ ಬೇಕು. ಭಾನುವಾರ ಕಾರುಗಳ ಸಾಲು ಊರ ಬೀದಿಗೆ ನುಗ್ಗಿ ಹಾರ್ನ್ ಹೊಡೆಯುವುದೂ, ಯಾರದ್ದೋ ಹಿತ್ತಲಿಗೆ ಕೇಳದೆ ಕಾಲಿಟ್ಟು ಮಾಳಿಗೆ ಹತ್ತಿ ಫೋಟೊ ತೆಗೆಯುವುದೂ ನೋಡುವವರಿಗೇ ನಾಚಿಕೆ ತರಿಸುವಂತಿರುತ್ತವೆ. ವಾಹನವನ್ನು ಊರ ಹೊರಗೆ ನಿಲ್ಲಿಸಿ ನಡೆದು ಬಂದವರನ್ನು ಮನೆಯವರೇ ಕರೆದು, ಯಾವ ಮರದಲ್ಲಿ ಮರಿ ದೊಡ್ಡದಾಗಿದೆಯೆಂದು ತೋರಿಸುತ್ತಾರೆ. ವಾರದ ನಡುವೆ, ಬೆಳಿಗ್ಗೆ ಎಂಟರೊಳಗೆ ಊರಿನಲ್ಲಿರುವಂತೆ ಹೊರಡಿ. ಬಿಸಿಲೇರುವ ಹೊತ್ತಿಗೆ ಅಲ್ಲಿಂದ ಎದ್ದು, ವಾಪಸು ಬರುವ ದಾರಿಯಲ್ಲಿ ತೈಲೂರು ಕೆರೆಯ ಏರಿಯ ಮೇಲೂ ಅರ್ಧ ಗಂಟೆ ನಿಂತರೆ, ಬೆಳಿಗ್ಗೆ ಕಂಡ ಮರಿಗಳ ಬುತ್ತಿ ಎಲ್ಲಿಂದ ಬರುತ್ತದೆಂಬುದೂ ಆ ಕೆರೆಯ ಸ್ಥಿತಿ ಹೇಗಿದೆಯೆಂಬುದೂ ಒಟ್ಟಿಗೇ ತಿಳಿಯುತ್ತದೆ.