ಪೌಷ್ಟಿಕತೆ ಮತ್ತು ದೈಹಿಕ ಕ್ಷಮತೆ: ದಾವಣಗೆರೆಯ ವಿದ್ಯಾರ್ಥಿಗಳ ಗುಂಪು ಪ್ರಸ್ತುತಿಗಳ ವಿಮರ್ಶೆ

ದಾವಣಗೆರೆಯ ಪದವಿ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಂದ ಆಹಾರ, ಪೌಷ್ಟಿಕತೆ ಮತ್ತು ವ್ಯಾಯಾಮದ ಸಂಶೋಧನೆಗಳ ಕುರಿತು ಗುಂಪು ಪ್ರಸ್ತುತಿಗಳನ್ನು ಮಾಡಿಸಿ, ಪೋಷಕರನ್ನೂ ಊರಿನ ಆಸಕ್ತರನ್ನೂ ಉಚಿತವಾಗಿ ಬರಮಾಡಿಕೊಳ್ಳುತ್ತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವುಗಳು ಮನೆಮನೆಯ ಮಾತಾಗಿರುವಾಗ, ಈ ವಿಷಯಗಳನ್ನು ನಮ್ಮ ಮಕ್ಕಳ ಬಾಯಿಂದಲೇ ಕೇಳುವ ಅವಕಾಶ ಸಣ್ಣದಲ್ಲ. ಆದರೆ ಎಲ್ಲ ತಂಡಗಳ ಗುಣಮಟ್ಟ ಒಂದೇ ಆಗಿರಲಿಲ್ಲ. ಸ್ಲೈಡುಗಳ ಅಂದಚೆಂದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿರಲಿಲ್ಲ. ತಾವು ಹೇಳುತ್ತಿರುವ ಸಂಗತಿ ಹೇಗೆ ತಿಳಿದುಬಂತು, ಯಾರನ್ನು ಅಳೆದು ತಿಳಿದರು ಎಂಬುದನ್ನು ಬಲ್ಲ ತಂಡಗಳು ಸಭೆಯನ್ನು ಹಿಡಿದಿಟ್ಟವು; ಅದನ್ನು ಅರಿಯದ ತಂಡಗಳು ಅಂತರ್ಜಾಲದ ಆರೋಗ್ಯ ಸಲಹೆಗಳನ್ನು ಓದಿ ಇಳಿದು ಹೋದವು.

ಅತ್ಯುತ್ತಮವೆಂದು ನಾನು ಹೇಳುವುದು ಲಂಡನ್ನಿನ ಬಸ್ಸುಗಳ ಅಧ್ಯಯನವನ್ನು ಆಯ್ದುಕೊಂಡ ತಂಡವನ್ನು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ, ಕುಳಿತಲ್ಲೇ ಕುಳಿತಿರುವ ಡ್ರೈವರುಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚೆಂದು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ್ದರು. ದೈಹಿಕ ಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ಮುಂದೆ ನಡೆದ ಅಪಾರ ಕೆಲಸಕ್ಕೆ ದಾರಿ ಮಾಡಿಕೊಟ್ಟ ಅಧ್ಯಯನ ಅದು. ವಿದ್ಯಾರ್ಥಿನಿ ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ, ಮೊದಲು ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿದ್ದ ಹಿರಿಯರೊಬ್ಬರು ಎದ್ದು ನಿಂತು, "ಅಲ್ಲಮ್ಮಾ, ಆ ಡ್ರೈವರುಗಳು ಕೆಲಸಕ್ಕೆ ಸೇರುವಾಗಲೇ ದಪ್ಪ ಇದ್ದಿದ್ದರೆ?" ಎಂದು ಕೇಳಿದರು. ಆಕೆ ತಡವರಿಸಲಿಲ್ಲ. "ಸರಿಯಾಗಿ ಕೇಳಿದಿರಿ ಸರ್, ಇದೇ ಅನುಮಾನ ಅವರಿಗೂ ಬಂದಿತ್ತು" ಎಂದು ಹೇಳಿ, ಅದೇ ಸಂಶೋಧಕರು ಸಮವಸ್ತ್ರದ ದಾಖಲೆಗಳನ್ನು ತೆಗೆದು ನೋಡಿದ್ದನ್ನೂ, ಕಿರಿಯ ವಯಸ್ಸಿನವರಲ್ಲೇ ಡ್ರೈವರುಗಳ ಪ್ಯಾಂಟಿನ ಸೊಂಟದಳತೆ ಕಂಡಕ್ಟರುಗಳದ್ದಕ್ಕಿಂತ ಹೆಚ್ಚಿದ್ದುದನ್ನೂ, ಅದನ್ನು 1956ರಲ್ಲಿ ಅವರೇ ಪ್ರಕಟಿಸಿದ್ದನ್ನೂ ತಿಳಿಸಿದಳು. ಆದ್ದರಿಂದ ಕಾಯಿಲೆಯ ಅಂತರಕ್ಕೆಲ್ಲ ಮೆಟ್ಟಿಲೊಂದೇ ಕಾರಣವೆಂದು ಹೇಳಲಾಗದು ಎಂದಳು. ತಮ್ಮ ಪ್ರಸ್ತುತಿಯ ಬಲವನ್ನೇ ಕುಗ್ಗಿಸಬಹುದಾದ ಸಂಗತಿಯನ್ನು ಹೀಗೆ ನೇರವಾಗಿ ಸಭೆಯ ಮುಂದಿಡುವ ಧೈರ್ಯ, ಇಷ್ಟು ಚಿಕ್ಕ ವಯಸ್ಸಿನಲ್ಲಿ, ಬಹಳ ಮೆಚ್ಚತಕ್ಕದ್ದು.

ಎರಡನೆಯದಾಗಿ ನೆನಪಿನಲ್ಲಿ ಉಳಿಯುವುದು ತಟ್ಟೆಯ ತಂಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೊ ಕ್ಯಾಲರಿಯ ಮಾದರಿ ದಿನದ ತಟ್ಟೆಯೊಂದಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆ ಕೊಬ್ಬು 27 ಗ್ರಾಂ. ಈ ವಿದ್ಯಾರ್ಥಿಗಳು ಅಂಕಿಗಳನ್ನು ಓದಿ ಸುಮ್ಮನಾಗದೆ, ತಕ್ಕಡಿ ತಂದು ಎಲ್ಲವನ್ನೂ ಮೇಜಿನ ಮೇಲೆ ತೂಗಿ ಇಟ್ಟಿದ್ದರು. ಬೀನ್ಸ್, ಮೂಲಂಗಿ, ಸಬ್ಬಸಿಗೆ ಸೊಪ್ಪು, ಟೊಮ್ಯಾಟೊಗಳ ಆ ರಾಶಿಯನ್ನು ನೋಡಿ, ಇಷ್ಟು ಒಬ್ಬರಿಗೇ ಒಂದು ದಿನಕ್ಕೆ ಎಂದು ಮುಂದಿನ ಸಾಲಿನ ಹೆಂಗಸರು ಬೆರಗಾದರು. ಪಕ್ಕದ ಪುಟ್ಟ ಗಾಜಿನ ಲೋಟದ ತಳದಲ್ಲಿ ಇಡೀ ದಿನದ ಎಣ್ಣೆ, ಸುಮಾರು ಎರಡು ದೊಡ್ಡ ಚಮಚದಷ್ಟು, ನಿಂತಿತ್ತು. ಊರಿನ ಹೆಮ್ಮೆಯಾದ ಬೆಣ್ಣೆ ದೋಸೆಯ ಮಾತು ಬಂದಾಗಲೂ ಅವರು ಅದನ್ನು ಹಳಿಯಲಿಲ್ಲ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕಿಲೊ ಕ್ಯಾಲರಿ ಇರುತ್ತದೆಂದು ಹೇಳಿ, ದೋಸೆ ತಿಂದ ದಿನ ಮಿರ್ಚಿ ಮಂಡಕ್ಕಿಯನ್ನು ಬಿಡಬಹುದಲ್ಲ ಎಂದರು. ನಮ್ಮ ಊಟವನ್ನು ಬಲ್ಲವರ ಸಲಹೆ ಹೀಗಿರುತ್ತದೆ, ಮತ್ತು ಜನ ಅದನ್ನು ಕೇಳುತ್ತಾರೆ.

ಪ್ರೋಟೀನ್ ಪುಡಿಯ ಕುರಿತ ತಂಡವೂ ಚೆನ್ನಾಗಿತ್ತು. ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಎಂಬ ಶಿಫಾರಸಿನಂತೆ 60 ಕಿಲೊ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಾಕಾಗುತ್ತದೆ ಎಂಬುದನ್ನು ಬೇಳೆ, ಮೊಸರು, ಮೊಟ್ಟೆ, ಶೇಂಗಾಗಳ ಲೆಕ್ಕದಲ್ಲಿ ಕೂಡಿ ತೋರಿಸಿದರು. ಮೈಕಟ್ಟಿಗಾಗಿ ಪುಡಿಯ ಮೊರೆ ಹೋಗಬೇಡಿ ಎಂದು 2024ರ ಮಾರ್ಗಸೂಚಿಯೇ ಹೇಳಿರುವುದನ್ನು ಕೇಳಿ ಜಿಮ್ಮಿಗೆ ಹೋಗುವ ಹುಡುಗರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.

ಇನ್ನು ಕೊರತೆಗಳು. ನಡಿಗೆಯ ಕುರಿತ ತಂಡವು ದಿನಕ್ಕೆ 10,000 ಹೆಜ್ಜೆ ಎಂಬುದನ್ನು ವಿಜ್ಞಾನದ ತೀರ್ಪೆಂಬಂತೆ ಮುಂದಿಟ್ಟಿತು. ಆ ಸಂಖ್ಯೆ ಜನಪ್ರಿಯವಾದದ್ದು 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ಐ-ಮಿನ್ ಲೀ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆಯಾಗಿ, 7,500ರ ಆಸುಪಾಸಿನಲ್ಲಿ ಆ ಲಾಭ ಸಮತಟ್ಟಾಗಿತ್ತು. ಕುಂದುವಾಡ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವ ಹಿರಿಯರಿಗೆ ಈ ಮಾಹಿತಿ ಎಷ್ಟು ನೆಮ್ಮದಿ ಕೊಡುತ್ತಿತ್ತು! ಹತ್ತು ಸಾವಿರ ಮುಟ್ಟಲಾರದೆ ನಡಿಗೆಯನ್ನೇ ಬಿಟ್ಟವರಿದ್ದಾರೆ. ಅವರಿಗೆ ಹೇಳಬೇಕಾದ ಮಾತು ಹೇಳದೇ ಉಳಿಯಿತು.

ಮತ್ತೊಂದು ತಂಡ ಸಹಪಾಠಿಗಳ ನಡುವೆ ಸಮೀಕ್ಷೆ ನಡೆಸಿ, ಶೇಕಡಾವಾರು ಫಲಿತಾಂಶವನ್ನು ದಶಾಂಶದ ಎರಡು ಸ್ಥಾನದವರೆಗೆ ಬಣ್ಣದ ಚಿತ್ರದಲ್ಲಿ ತೋರಿಸಿತು. ಎಷ್ಟು ಮಂದಿಯನ್ನು ಕೇಳಿದಿರಿ, ಹಾಸ್ಟೆಲಿನವರೋ ಮನೆಯಿಂದ ಬರುವವರೋ ಎಂಬ ಪ್ರಶ್ನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಮಕ್ಕಳ ತಪ್ಪಿಗಿಂತ ಮಾರ್ಗದರ್ಶಕರ ತಪ್ಪು. ವೇದಿಕೆ ಹತ್ತುವ ಮುನ್ನವೇ ಕೇಳಬೇಕಾದ ಪ್ರಶ್ನೆ ಅದು. ಕೆಲವು ತಂಡಗಳಲ್ಲಿ ಒಬ್ಬರೇ ಮಾತನಾಡಿ ಉಳಿದವರು ಕೈಕಟ್ಟಿ ನಿಂತಿದ್ದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನನಗೆ ನಿಜಕ್ಕೂ ಬೇಸರವಾದದ್ದು ಬಾಗಿಲ ಬಳಿಯ ತೂಕ, ಎತ್ತರದ ತಪಾಸಣೆಯಿಂದ. ಚಪ್ಪಲಿ ಬಿಚ್ಚಿಸದೆ ಎತ್ತರ ಅಳೆದರು. ಅಧಿಕ ತೂಕಕ್ಕೆ ಭಾರತೀಯರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಸುವ ಸೂಚ್ಯಂಕ) 23ನ್ನು ಗಡಿಯಾಗಿ ಬಳಸುವ ರೂಢಿಯಿದ್ದರೂ, 25ರವರೆಗೆ ಚಿಂತೆಯಿಲ್ಲವೆಂದು ಬರೆದುಕೊಟ್ಟರು. ಇವೆಲ್ಲ ತಿದ್ದಿಕೊಳ್ಳಬಹುದಾದವು. ಆದರೆ ಪ್ರತಿಯೊಬ್ಬರ ತೂಕವನ್ನೂ ದೂರದ ಮೇಜಿನಲ್ಲಿ ಬರೆದುಕೊಳ್ಳುವವರಿಗೆ ಕೇಳಿಸುವಂತೆ ಕೂಗಿ ಹೇಳುತ್ತಿದ್ದುದು ಸರಿಯಲ್ಲ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬರುವ ಮುನ್ನವೇ ಸದ್ದಿಲ್ಲದೆ ಸರಿದು ಒಳಗೆ ಹೋದಳು. ಆರೋಗ್ಯದ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ಯಾರಿಗೂ ಹೀಗಾಗಬಾರದು. ಒಂದು ಪರದೆ, ಕೈಗೆ ಕೊಡುವ ಒಂದು ಚೀಟಿ ಸಾಕಿತ್ತು.

ವ್ಯವಸ್ಥೆ ಒಟ್ಟಾರೆ ತೃಪ್ತಿಕರ. ಧ್ವನಿವರ್ಧಕ ಸ್ಪಷ್ಟವಾಗಿತ್ತು, ಕುಡಿಯುವ ನೀರಿತ್ತು, ವಿರಾಮದಲ್ಲಿ ರಾಗಿ ಅಂಬಲಿ ಕೊಟ್ಟರು. ಮಾತು ಕನ್ನಡದಲ್ಲಿದ್ದರೂ ಸ್ಲೈಡುಗಳ ಅಕ್ಷರ ಇಂಗ್ಲಿಷಿನಲ್ಲಿ, ಅದೂ ಹಿಂದಿನ ಸಾಲಿಗೆ ಕಾಣದಷ್ಟು ಚಿಕ್ಕದಾಗಿತ್ತು. ಪ್ರಶ್ನೋತ್ತರಕ್ಕೆ ಸಿಕ್ಕ ಸಮಯ ತೀರಾ ಕಡಿಮೆ. ಸ್ವಾಗತ, ಸನ್ಮಾನಗಳಿಗೆ ಹೋದ ವೇಳೆಯಲ್ಲಿ ಅರ್ಧವನ್ನಾದರೂ ಅದಕ್ಕೆ ಕೊಟ್ಟರೆ, ಡ್ರೈವರಾಗಿದ್ದ ಆ ಹಿರಿಯರಂತೆ ಇನ್ನೂ ಹಲವರು ಕೇಳಿಯಾರು. ಪದವಿಪೂರ್ವ ತರಗತಿಯ ಮಕ್ಕಳಿರುವ ಪೋಷಕರು ಅವರನ್ನು ಕರೆದುಕೊಂಡೇ ಹೋಗಬೇಕೆಂದು ನನ್ನ ಶಿಫಾರಸು. ಮುಂದಿನ ಸಾಲುಗಳು ಬೇಗ ತುಂಬುವುದರಿಂದ ಸ್ವಲ್ಪ ಮುಂಚೆಯೇ ಹೋಗಿ ಕೂರುವುದು ಒಳ್ಳೆಯದು.