ಹಿಗ್ಗುವ ಹಗ್ಗ, ಹಿಗ್ಗದ ಹಗ್ಗ: ಮರಗಸಿಗೆ ಯಾವುದು?

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಈ ಸಲ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯಲು, ಆಳು ಸಿಗದೆ ನಾನೇ ಮರ ಹತ್ತಿದೆ. ಅದಕ್ಕೆಂದು ಎರಡು ಹಗ್ಗ ತರಿಸಿದ್ದೆ: ಹಿಗ್ಗುವ ಡೈನಮಿಕ್ ಒಂದು, ಅಷ್ಟಾಗಿ ಹಿಗ್ಗದ ಸ್ಟ್ಯಾಟಿಕ್ ಒಂದು. ಎರಡೂ ನೈಲಾನ್, ಒಳಗೆ ತಿರುಳು, ಹೊರಗೆ ಹೆಣೆದ ಕವಚ, ದಪ್ಪ 11 ಮಿ.ಮೀ. ಆಸುಪಾಸು.

ಬಿದ್ದರೆ ಹಿಗ್ಗುವ ಹಗ್ಗವೇ ಸೊಂಟ ಉಳಿಸುತ್ತದೆ ಎಂದುಕೊಂಡು ಮೊದಲು ಡೈನಮಿಕ್ ಹಿಡಿದೆ. ಹಲಸಿನ ಮರದಲ್ಲಿ 35 ಅಡಿ ಎತ್ತರದ ಕವಲಿಗೆ ದಾಟಿಸಿ, ಒಂದು ತುದಿಯನ್ನು ಬುಡಕ್ಕೆ ಬಿಗಿದು, ಇನ್ನೊಂದಕ್ಕೆ ಜೋತುಬಿದ್ದೆ. ಕಾಲು ನೆಲ ಬಿಡಲೇ ಇಲ್ಲ! ಬುಡದಿಂದ ಕವಲಿಗೆ, ಕವಲಿನಿಂದ ಸೊಂಟಕ್ಕೆ ಸುಮಾರು 70 ಅಡಿ ಹಗ್ಗವೂ ಹಿಗ್ಗಿ ಮುಗಿಯಬೇಕಲ್ಲ. 80 ಕಿಲೋ ತೂಗಿದರೆ ಇಂಥ ಹಗ್ಗ ನೂರಕ್ಕೆ 10ರವರೆಗೆ ಹಿಗ್ಗಬಹುದು ಎನ್ನುತ್ತದೆ ಡೈನಮಿಕ್ ಹಗ್ಗಗಳ ಯುರೋಪಿನ ಮಾನದಂಡ ಇಎನ್ 892. ಮೇಲೆ ಹೋಗಿ ಗರಗಸ ಎಳೆದರೆ ಒಂದೊಂದು ಎಳೆತಕ್ಕೂ ಮೈ ತೊಟ್ಟಿಲಂತೆ ಮೇಲೆ ಕೆಳಗೆ. ಇಳಿದು ನೋಡಿದಾಗ ಎದೆ ಝಲ್ಲೆಂದಿತು: ಕವಲಿನ ತೊಗಟೆಗೆ ಉಜ್ಜಿ ಉಜ್ಜಿ ನಾಲ್ಕು ಬೆರಳಗಲ ಕವಚ ಹತ್ತಿಯಂತೆ ಎದ್ದಿತ್ತು.

ಸ್ಟ್ಯಾಟಿಕ್ ಕೂತಲ್ಲಿ ಕೂರಿಸುತ್ತದೆ. ಕೊಂಬೆಯ ಪಕ್ಕಕ್ಕೆ ಸರಿದು, ಕಾಲು ಊರಿ, ಎರಡೂ ಕೈಯಿಂದ ಕೆಲಸ ಮಾಡಬಹುದು. ನನ್ನ ಮತ ಇದಕ್ಕೇ.

ಆದರೆ ಇದು ಕ್ಷಮಿಸುವ ಹಗ್ಗವಲ್ಲ. ಒಮ್ಮೆ ಚಗಳಿ ಇರುವೆಯ ಗೂಡಿಗೆ ಕೈ ತಾಗಿ, ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಹಗ್ಗ ಸಡಿಲವಿರುವಾಗಲೇ ಜಾರಿದೆ. ಬಿದ್ದದ್ದು ಎರಡೇ ಅಡಿ. ಸೊಂಟದ ನೋವು ವಾರವಾದರೂ ಬಿಡಲಿಲ್ಲ. ಹಗ್ಗ ಮರಕ್ಕೆ ಆತುಕೊಳ್ಳುವ ಕಟ್ಟು ಯಾವಾಗಲೂ ತಲೆಯ ಮೇಲಿರಬೇಕು, ಹಗ್ಗ ಬಿಗಿಯಾಗಿರಬೇಕು. ಬಂಡೆ ಹತ್ತುವ ನನ್ನ ಅಕ್ಕನ ಮಗ ಕಟ್ಟು ದಾಟಿ ಮೇಲೆ ಹೋಗುತ್ತಾನೆ, ಜಾರಿದರೆ ದೂರ ಬೀಳುತ್ತಾನೆ. ಅವನಿಗೆ ಡೈನಮಿಕ್ ಇಲ್ಲದೆ ಆಗದು.

ಸ್ಟ್ಯಾಟಿಕ್ ಕೊಳ್ಳುವಾಗ ತುದಿಯ ಪಟ್ಟಿಯಲ್ಲಿ ಇಂಥ ಹಗ್ಗಗಳ ಮಾನದಂಡವಾದ ಇಎನ್ 1891, ಎ ವರ್ಗ ಎಂದಿದೆಯೇ ನೋಡಿ. ಸಂತೆಯ ಪ್ಲಾಸ್ಟಿಕ್ ಹಗ್ಗ ಕೊಂಬೆ ಇಳಿಸಲಷ್ಟೇ ಇರಲಿ. ಬಿಗಿದ ಹಗ್ಗಕ್ಕೆ ಕತ್ತಿಯ ಅಲಗು ಸೋಕಿದರೂ ಸಾಕು, ಎರಡು ತುಂಡು. ಯಾವ ಬಗೆಯಾದರೂ ಅಷ್ಟೇ. ಕೊಂಬೆ ಕಡಿಯುವ ಮೊದಲು ಕಾಂಡಕ್ಕೆ ಇನ್ನೊಂದು ಕಟ್ಟು ಹಾಕಿಕೊಳ್ಳುತ್ತೇನೆ. ಸಿಲ್ವರ್ ಓಕ್‌ನಲ್ಲಿ ಕೊಂಬೆಯನ್ನು ನಂಬುವುದೇ ಇಲ್ಲ, ಪಟಕ್ಕನೆ ಮುರಿಯುತ್ತದೆ.

ಕವಚ ಎದ್ದ ಡೈನಮಿಕ್ ಕೊಟ್ಟಿಗೆ ಸೇರಿತು. ಮೆಣಸು ಕೊಯ್ಲಿಗೆ ಇನ್ನೊಂದು ಸ್ಟ್ಯಾಟಿಕ್ ತರಿಸುತ್ತಿದ್ದೇನೆ.